ನನ್ನ ಸ್ನಾರ್ಲ್ಯಾಕ್ಸ್‌ನ ನಾನೇ ಹೊಡ್ಕೊಂಡ ಕಥೆ

ಮೊನ್ನೆ ಭಾನುವಾರ ಅಕ್ಕನ ಮಗನ ಹತ್ರ ಪೋಕೆಮಾನ್ ಕಾರ್ಡ್ ಆಟದಲ್ಲಿ ಸೋತೆ. ಸೋಲೋದೇನು ಹೊಸದಲ್ಲ ಬಿಡಿ, ಆದ್ರೆ ಈ ಸಲ ನನ್ನ ಪರ ಕಾದಾಡ್ತಿದ್ದ ಸ್ನಾರ್ಲ್ಯಾಕ್ಸ್ ಅನ್ನೋ ಪೋಕೆಮಾನ್‌ನ ನಾಕ್ ಔಟ್ ಮಾಡಿದ್ದು ಅವನಲ್ಲ, ನಾನೇ.

ಆಗಿದ್ದಿಷ್ಟು. ಸ್ನಾರ್ಲ್ಯಾಕ್ಸ್ ಕನ್‌ಫ್ಯೂಸ್ ಆಗಿ ತಲೆಕೆಳಗಾಗಿ ಬಿದ್ದಿತ್ತು, ಎಚ್‌ಪಿ, ಅಂದ್ರೆ ಜೀವ, ಬರೀ 30 ಉಳಿದಿತ್ತು, ಬೆಂಚಿಗೆ, ಅಂದ್ರೆ ಹಿಂದಿನ ಸಾಲಿಗೆ, ವಾಪಸ್ ಕರೆಸ್ಕೊಳ್ಳೋಣ ಅಂದ್ರೆ ರಿಟ್ರೀಟ್ ಮಾಡೋಕೆ 4 ಎನರ್ಜಿ ಕಾರ್ಡ್ ಬಿಸಾಕ್ಬೇಕು, ಟರ್ನಿಗೆ ಒಂದೊಂದೇ ಅಂತ ಹಾಕ್ಕೊಂಡು ಬಂದಿದ್ದು ಅದು, ಹೊಟ್ಟೆ ಉರಿಯಲ್ವಾ? ಇರ್ಲಿ ಹೊಡೆದೇ ಬಿಡೋಣ ಅಂತ, ಕನ್‌ಫ್ಯೂಸ್ ಆಗಿದ್ರೆ ಟಾಸ್ ಹಾಕ್ಲೇಬೇಕಲ್ಲ, ಎರಡು ರೂಪಾಯಿ ನಾಣ್ಯ ಚಿಮ್ಮಿದೆ. ಟೇಲ್ಸ್. ಸರಿ ಅಟ್ಯಾಕ್ ಹೋಯ್ತು ಅಷ್ಟೇ ತಾನೇ ಅಂತ ನಾನು ಟರ್ನ್ ಮುಗಿಸೋಕೆ ಹೋದ್ರೆ ಅವನು ಸುಮ್ನೆ ಮೂರು ಡ್ಯಾಮೇಜ್ ಕೌಂಟರ್ (ಪೆಟ್ಟಿನ ಲೆಕ್ಕದ ಬಿಲ್ಲೆ, ಒಂದಕ್ಕೆ 10) ತಗೊಂಡು ನನ್ನ ಕಾರ್ಡ್ ಮೇಲಿಟ್ಟ. 30. "ಮಾಮ, ನಾನೇನೂ ಮಾಡಿಲ್ಲ ನೋಡು" ಅಂತ ಹೇಳಿ ನಾಕ್ ಔಟ್‌ಗೆ ಸಿಗೋ ಪ್ರೈಜ್ ಕಾರ್ಡ್ ಎತ್ಕೊಂಡ.

ತಪ್ಪು ನನ್ನ ಫೋನಿಂದು. 2024ರ ಅಕ್ಟೋಬರ್‌ನಲ್ಲಿ ಪೋಕೆಮಾನ್ ಟಿಸಿಜಿ ಪಾಕೆಟ್ ಅನ್ನೋ ಇದೇ ಆಟದ ಆ್ಯಪ್ ಬಂದಾಗಿನಿಂದ ನಾನು ಬಸ್ಸಲ್ಲಿ ಕೂತು ಅದನ್ನೇ ಆಡ್ತಿರೋದು. ಅದ್ರಲ್ಲಿ ಕನ್‌ಫ್ಯೂಸ್ ಆದಾಗ ಟೇಲ್ಸ್ ಬಿದ್ರೆ ಅಟ್ಯಾಕ್ ಠುಸ್ ಆಗತ್ತೆ, ಅಷ್ಟೇ. ನಿಜವಾದ ಕಾರ್ಡಲ್ಲಿ ಹಾಗಲ್ಲ, ತನಗೆ ತಾನೇ 30 ಹೊಡ್ಕೊಳ್ಳತ್ತೆ. ಫೋನು ಎಲ್ಲಾ ಲೆಕ್ಕ ತಾನೇ ಮಾಡಿ ಮಾಡಿ ನನ್ನ ತಲೆಗೆ ತುಕ್ಕು ಹಿಡಿದಿದೆ.

ಅವತ್ತು ರಾತ್ರಿ ಹಠಕ್ಕೆ ಬಿದ್ದು ರೂಲ್ಸೆಲ್ಲಾ ಮತ್ತೆ ಓದ್ದೆ. ಕನ್‌ಫ್ಯೂಸ್ ಥರದ ಐದು ಸ್ಪೆಷಲ್ ಕಂಡೀಶನ್ ಇರೋದು, ಅದ್ರಲ್ಲಿ ಮೂರನ್ನ ಕಾರ್ಡ್ ತಿರುಗಿಸಿ ತೋರಿಸ್ತಾರೆ: ಎಡಕ್ಕೆ ಅಡ್ಡ ಮಲಗಿದ್ರೆ ನಿದ್ದೆ, ಬಲಕ್ಕಾದ್ರೆ ಪ್ಯಾರಲೈಸ್, ತಲೆಕೆಳಗಾದ್ರೆ ಕನ್‌ಫ್ಯೂಸ್. ಒಂದು ಕಾರ್ಡು ಒಂದೇ ಸಲ ಎರಡು ಕಡೆ ತಿರುಗೋಕಾಗಲ್ಲ ಅಲ್ವಾ, ಅದಕ್ಕೇ ಈ ಮೂರರಲ್ಲಿ ಒಂದೇ ಇರತ್ತೆ, ಹೊಸದು ಬಂದ್ರೆ ಹಳೇದು ಹೋಯ್ತು. ಬಾಯಿಪಾಠ ಮಾಡೋದೇ ಬೇಡ, ಕಾರ್ಡೇ ಹೇಳತ್ತೆ. ಇದನ್ನ ಯೋಚನೆ ಮಾಡಿದವನಿಗೆ ಒಂದು ಫಿಲ್ಟರ್ ಕಾಫಿ ಕೊಡಿಸ್ಬೇಕು ಅನ್ಸತ್ತೆ.

ವಿಷ ಮತ್ತೆ ಬರ್ನ್ ಮಾತ್ರ ಬೇರೆ, ಅವಕ್ಕೆ ಮಾರ್ಕರ್ ಇಡ್ಬೇಕು, ಹಂಗಾಗಿ ನಿದ್ದೆ ಜೊತೆ ವಿಷಾನೂ ಇರ್ಬಹುದು, ಮೇಲೆ ಬರ್ನೂ ಇರ್ಬಹುದು. ನಮ್ಮನೇಲಿ ವಿಷಕ್ಕೆ ಗುಲಗಂಜಿ ಇಡೋಣ ಅಂದೆ, ಅಕ್ಕ ಬೈದು ಕಿತ್ಕೊಂಡ್ಲು, ಅದು ನಿಜವಾಗ್ಲೂ ವಿಷವೇ ಕಣೋ ಅಂತ. ಈಗ ಹುಣಿಸೆ ಬೀಜ. ಬರ್ನ್‌ಗೆ ಕೆಂಪು ಬಾಟ್ಲು ಮುಚ್ಚಳ.

ವಿಷದ ಲೆಕ್ಕ ಎಲ್ಲರೂ ಕಡಿಮೆ ಅಂದ್ಕೊಳ್ತಾರೆ. 10 ಡ್ಯಾಮೇಜ್ ಏನ್ ಮಹಾ ಅಂತ. ಆದ್ರೆ ಈ ಡ್ಯಾಮೇಜ್ ಲೆಕ್ಕ ಹಾಕೋ ಚೆಕಪ್ ಅನ್ನೋದು ನನ್ನ ಟರ್ನ್ ಆದ್ಮೇಲೂ ಇರತ್ತೆ, ಅವನ ಟರ್ನ್ ಆದ್ಮೇಲೂ ಇರತ್ತೆ, ಅಂದ್ರೆ ಒಂದು ಸುತ್ತಿಗೆ 20 ಹೋಯ್ತು. 2013ರಲ್ಲಿ ಹಿಪ್ನೋಟಾಕ್ಸಿಕ್ ಲೇಸರ್ ಅಂತ ಒಂದು ಐಟಂ ಕಾರ್ಡ್ ಬಂತು, ಹಾಕಿದ ತಕ್ಷಣ ಎದುರಾಳಿಗೆ ವಿಷ, ಟಾಸ್‌ನಲ್ಲಿ ಹೆಡ್ಸ್ ಬಂದ್ರೆ ನಿದ್ದೆ ಬೇರೆ, ಜೊತೆಗೆ ವರ್ಬ್ಯಾಂಕ್ ಸಿಟಿ ಜಿಮ್ ಅನ್ನೋ ಸ್ಟೇಡಿಯಂ ಇಟ್ರೆ ಆ 10 ಹೋಗಿ 30. ಸುತ್ತಿಗೆ 60! ಅಟ್ಯಾಕೇ ಮಾಡದೆ.

ಅದಕ್ಕಿಂತ ಕೆಟ್ಟದು ಅಕ್ಸೆಲ್‌ಗೋರ್ ಅನ್ನೋ ಪೋಕೆಮಾನ್, 2012ರದ್ದು. 50 ಹೊಡೆದು, ಪ್ಯಾರಲೈಸ್ ಮಾಡಿ, ವಿಷ ಹಾಕಿ, ತಾನು ಹೋಗಿ ಡೆಕ್ ಒಳಗೆ ಸೇರ್ಕೊಂಡ್ಬಿಡತ್ತೆ. ಖಾಲಿಯಾದ ಜಾಗಕ್ಕೆ ಗೋಥಿಟೆಲ್ ಅನ್ನೋ ಇನ್ನೊಂದು ಬಂದು ನಿಲ್ಲತ್ತೆ, ಅದು ಮುಂದೆ ನಿಂತಿರೋವರೆಗೂ ಎದುರಿನವ್ರು ಐಟಂ ಕಾರ್ಡ್ ಆಡೋ ಹಾಗಿಲ್ಲ, ಅಂದ್ರೆ ಕೈಯಲ್ಲಿ ಪೋಕೆಮಾನ್ ಬದಲಾಯಿಸೋ ಸ್ವಿಚ್ ಕಾರ್ಡ್ ಇದ್ರೂ ಸುಮ್ನೆ ನೋಡ್ತಾ ಕೂರ್ಬೇಕು. ಪ್ಯಾರಲೈಸ್ ಆದವ್ರ ಟರ್ನ್ ಮುಗಿದ ಮೇಲೆ ಅದು ತಾನಾಗೇ ಬಿಡತ್ತೆ, ಟಾಸ್ ಗೀಸ್ ಏನಿಲ್ಲ, ಆದ್ರೆ ಅಷ್ಟ್ರಲ್ಲಿ ಅಕ್ಸೆಲ್‌ಗೋರ್ ಇನ್ನೊಂದು ಸಲ ರೆಡಿಯಾಗಿ ಬಂದಿರತ್ತೆ. ಇಂಥ ಡೆಕ್ ಆಡೋರ ಜೊತೆ ಸ್ನೇಹ ಉಳಿಯೋದು ಕಷ್ಟ, ನನ್ನ ಅಭಿಪ್ರಾಯ.

ಬೆಂಚಿಗೆ ಹೋದ್ರೆ ಎಲ್ಲಾ ಕಂಡೀಶನ್ನೂ ಹೋಗತ್ತೆ, ಇವಾಲ್ವ್ ಆದ್ರೂ (ಮುಂದಿನ ರೂಪಕ್ಕೆ ಬದಲಾದ್ರೂ) ಹೋಗತ್ತೆ. ನನ್ನ ಸ್ನಾರ್ಲ್ಯಾಕ್ಸ್‌ಗೆ ಇವಾಲ್ವ್ ಆಗೋಕೆ ಮುಂದೇನೂ ಇಲ್ಲ. ತಮಾಷೆ ಅಂದ್ರೆ 1999ರ ಜಂಗಲ್ ಸೆಟ್‌ನಲ್ಲಿದ್ದ ಸ್ನಾರ್ಲ್ಯಾಕ್ಸ್‌ಗೆ ಥಿಕ್ ಸ್ಕಿನ್ಡ್ ಅಂತ ಪವರ್ ಇತ್ತು, ನಿದ್ದೆ, ಕನ್‌ಫ್ಯೂಸ್, ಪ್ಯಾರಲೈಸ್, ವಿಷ ಯಾವುದೂ ತಾಗ್ತಿರ್ಲಿಲ್ಲ ಅದಕ್ಕೆ. ನನ್ನ ಹತ್ರ ಇರೋದು ಇತ್ತೀಚಿನ ಕಾರ್ಡು, ಚರ್ಮ ತೆಳು.

ಇಷ್ಟೆಲ್ಲಾ ಓದ್ಕೊಂಡು ನಿನ್ನೆ ಮತ್ತೆ ಕೂತೆ. ಈ ಸಲ ನನ್ನದು ನಿದ್ದೆ ಪ್ಲಸ್ ವಿಷ, ಎಚ್‌ಪಿ 10. ಚೆಕಪ್‌ನಲ್ಲಿ ಮೊದ್ಲು ವಿಷ, ಆಮೇಲೆ ಬರ್ನ್, ಆಮೇಲೆ ನಿದ್ದೆ ಅಂತ ಆರ್ಡರ್ ನನಗೆ ಈಗ ಗೊತ್ತಿತ್ತಲ್ಲ, ನಾನೇ ಕೈಯಾರೆ ಒಂದು ಕೌಂಟರ್ ಇಟ್ಟೆ, ಎಚ್‌ಪಿ ಸೊನ್ನೆ. ಆದ್ರೂ ರೂಲ್ಸ್ ರೂಲ್ಸೇ ಅಂತ ನಾಣ್ಯ ಚಿಮ್ಮಿದೆ. ಇಡೀ ದಿನಕ್ಕೆ ಮೊದಲ ಸಲ ಹೆಡ್ಸ್ ಬಿತ್ತು.

"ಎಚ್ಚರ ಆಯ್ತು ಮಾಮ," ಅಂದ ಅವನು, ಕಾರ್ಡನ್ನ ನೆಟ್ಟಗೆ ತಿರುಗಿಸಿದ, ಆಮೇಲೆ ಎತ್ತಿ ನನ್ನ ಡಿಸ್ಕಾರ್ಡ್ ಪೈಲ್ ಮೇಲಿಟ್ಟ.