ಟ್ಯಾಂಗ್ರಾದ ಬೀದಿಯಲ್ಲಿ ಸಿಂಹ ಕುಣಿದ ಸಂಜೆ

ಕೋಲ್ಕತ್ತಾ ನೋಡೋಕೆ ದುರ್ಗಾಪೂಜೆಗೇ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹೋಗಿದ್ದು ಫೆಬ್ರವರಿಯಲ್ಲಿ, ಚೀನೀ ಹೊಸ ವರ್ಷಕ್ಕೆ.

ಬೆಳಕು ಹರಿಯುವ ಹೊತ್ತಿಗೆ ಊರಿನ ಹಳೆಯ ಚೀನೀ ಬಡಾವಣೆ ಟಿರೆಟ್ಟಾ ಬಜಾರ್‌ನಲ್ಲಿದ್ದೆ. ಪೊದ್ದಾರ್ ಕೋರ್ಟ್ ಹತ್ತಿರದ ಬೀದಿ. ಅಲ್ಯೂಮಿನಿಯಂ ಪಾತ್ರೆಗಳಿಂದ ಹಬೆ ಏಳುತ್ತಿತ್ತು. ಮೀನಿನ ಉಂಡೆ ಹಾಕಿದ ಸೂಪು, ಹಂದಿಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬಾವ್ ಅನ್ನೋ ಬನ್ನು. ತಡ ಮಾಡಿದರೆ ಏನೂ ಸಿಗಲ್ಲ. ಪಕ್ಕದಲ್ಲಿ ನಿಂತು ಸೂಪು ಕುಡಿಯುತ್ತಿದ್ದ ಹುಡುಗನ ಜೊತೆ ಮಾತು ಶುರುವಾಯಿತು. ಊರಿನ ಇನ್ನೊಂದು ಚೀನೀ ಬಡಾವಣೆ ಟ್ಯಾಂಗ್ರಾದವನು. ಹಕ್ಕಾ ಅನ್ನೋ ಚೀನೀ ಸಮುದಾಯದ ಮನೆತನ, ಚರ್ಮ ಹದ ಮಾಡುವ ಕಸುಬು. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮನ ಜೊತೆ ಟೊರಾಂಟೊಗೆ ಹೋದವನು. ಅಜ್ಜಿ ಇಲ್ಲೇ ಉಳಿದಿದ್ದಾರೆ. "ಇಲ್ಲಿ ಸ್ಕೂಲಲ್ಲಿ ಚಿಂಗ್ ಚಾಂಗ್ ಅಂತ ಕೂಗೋರು ದೀದಿ. ನಾನು ನೇಪಾಳಿ ಅಂತ ಹೇಳ್ಕೊಂಡು ತಿರುಗ್ತಿದ್ದೆ" ಅಂದ. "ಈ ಸಲ ಹೊಸ ವರ್ಷದ ಸಿಂಹ ನೃತ್ಯದಲ್ಲಿ ಸಿಂಹದ ತಲೆ ಹೊರೋನು ನಾನೇ. ಸಂಜೆ ಬನ್ನಿ."

ಹೋದೆ. ಟ್ಯಾಂಗ್ರಾದಲ್ಲಿ ಈಗ ಚರ್ಮದ ವಾಸನೆ ಇಲ್ಲ. 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಚರ್ಮದ ಕಾರ್ಖಾನೆಗಳು ಊರಾಚೆಯ ಬಂತಾಲಾಗೆ ಹೋದವು. ಉಳಿದ ಎತ್ತರದ ಗೋಡೆಗಳ ನಡುವೆ ಈಗ ಹೋಟೆಲುಗಳು. ನಮ್ಮ ಗೋಬಿ ಮಂಚೂರಿಗೂ ಈ ಊರಿನ ನಂಟಿದೆ. 1975ರಲ್ಲಿ ಮುಂಬೈನಲ್ಲಿ ಚಿಕನ್ ಮಂಚೂರಿಯನ್ ಮಾಡಿದ ನೆಲ್ಸನ್ ವಾಂಗ್ ಹುಟ್ಟಿದ್ದು ಕೋಲ್ಕತ್ತಾದ ಚೀನೀ ಕುಟುಂಬದಲ್ಲೇ.

ನಗಾರಿ, ತಾಳ ಕೇಳಿಸಿದ ಕೂಡಲೇ ಗಲ್ಲಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಸಿಂಹದೊಳಗೆ ಇಬ್ಬರು. ಮುಂದಿನವನ ಕೈಯಲ್ಲಿ ತಲೆ, ಹಿಂದಿನವನು ಬಗ್ಗಿ ಅವನ ಸೊಂಟದ ಪಟ್ಟಿ ಹಿಡಿದಿರುತ್ತಾನೆ. ಒಂದು ಮನೆಯ ಬಾಗಿಲ ಮೇಲೆ ಲೆಟ್ಯೂಸ್ ಸೊಪ್ಪಿನ ಕಟ್ಟು ನೇತಾಡುತ್ತಿತ್ತು, ಅದರ ಜೊತೆ ಹಣವಿಟ್ಟ ಕೆಂಪು ಲಕೋಟೆ. ಸಿಂಹ ಅನುಮಾನದಿಂದ ಮೂಸಿತು, ಹಿಂದೆ ಸರಿಯಿತು, ರೆಪ್ಪೆ ಬಡಿಯಿತು. ಆಮೇಲೆ ಹಿಂದಿನವನು ಮುಂದಿನವನನ್ನು ಸೊಂಟ ಹಿಡಿದು ಮೇಲೆತ್ತಿಬಿಟ್ಟ. ಕಟ್ಟು ಬಾಯಿಗೆ ಸಿಕ್ಕಿತು. ಲಕೋಟೆ ಒಳಗೇ ಉಳಿಯಿತು, ಸೊಪ್ಪು ಚೂರುಚೂರಾಗಿ ನಮ್ಮ ಮೈಮೇಲೆಲ್ಲ ಬಿತ್ತು. ಬಿದ್ದರೆ ಒಳ್ಳೆಯದಂತೆ. ಪಟಾಕಿ ಸದ್ದಿಗೆ ಕಿವಿ ಗುಯ್ ಅಂದಿತು. ಹುಡುಗ ತಲೆ ಇಳಿಸಿದಾಗ ಬೆವರಿನಲ್ಲಿ ತೊಯ್ದಿದ್ದ, ಮುಖದ ತುಂಬಾ ನಗು.

ಅಜ್ಜಿ ಮನೆಯೊಳಗೆ ಕರೆದು ಕಿತ್ತಳೆ ಹಣ್ಣು ಕೊಟ್ಟರು. ಅವರು ಅಸ್ಸಾಮಿನ ಮಾಕುಮ್‌ನವರು. 1962ರ ಚೀನಾ ಯುದ್ಧದ ಸಮಯದಲ್ಲಿ ಪೊಲೀಸರು ಬಂದು ಇಡೀ ಮನೆಯವರನ್ನು ರೈಲು ಹತ್ತಿಸಿದರು. ಇಳಿಸಿದ್ದು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ. ಹಾಗೆ ಸುಮಾರು 3,000 ಜನರನ್ನು ಅಲ್ಲಿಟ್ಟಿದ್ದರು. ಕೆಲವರಿಗೆ 1967ರವರೆಗೂ ಬಿಡುಗಡೆ ಇರಲಿಲ್ಲ. ಹುಟ್ಟಿದ್ದು ಇಲ್ಲೇ, ಮಾತಾಡೋದು ಅಸ್ಸಾಮಿ, ಆದರೂ ಶತ್ರುಗಳು! ಬಿಡುಗಡೆಯಾಗಿ ಬಂದರೆ ಮನೆಯನ್ನೇ ಹರಾಜು ಹಾಕಿದ್ದರು. ಆಮೇಲೆ ಎಷ್ಟೋ ವರ್ಷ ಹೊಸ ವರ್ಷವನ್ನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದರಂತೆ. "ಮೊಮ್ಮಗ ಬೀದೀಲಿ ಕುಣಿಯೋದು ನೋಡಿ ಮೊದಲು ಭಯ ಆಯ್ತಮ್ಮ. ಆಮೇಲೆ ನಾನೂ ಚಪ್ಪಾಳೆ ಹೊಡೆದೆ" ಅಂದರು. ಸರ್ಕಾರ ಈ ಜನರ ಕ್ಷಮೆ ಇನ್ನೂ ಕೇಳಿಲ್ಲ. ಕೇಳಲೇಬೇಕು.

ಮುಂದಿನ ಭಾನುವಾರ ಅವರ ಜೊತೆ ಅಚಿಪುರಕ್ಕೂ ಹೋದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಚೀನಾದಿಂದ ಹೂಗ್ಲಿ ನದಿ ದಡಕ್ಕೆ ಬಂದು ಸಕ್ಕರೆ ಕಾರ್ಖಾನೆ ಹಾಕಿದ ಟಾಂಗ್ ಅಚ್ಯೂವಿನ ಊರದು. ಊರಿಗೆ ಅವನದೇ ಹೆಸರು. ಅವನ ಸಮಾಧಿ ಕೆಂಪು ಬಣ್ಣದ್ದು, ಕುದುರೆ ಲಾಳದ ಆಕಾರ. ಜನ ಊದುಬತ್ತಿ, ಮೇಣದಬತ್ತಿ ಹಚ್ಚುತ್ತಿದ್ದರು. ಹುಡುಗ ಕೆನಡಾದಿಂದ ಬಂದಿದ್ದ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಅಚ್ಯೂವಿನ ಕಥೆ ಹೇಳಿದ, ನಡುನಡುವೆ ಅಜ್ಜಿ ತಿದ್ದುತ್ತಿದ್ದರು.

ಹೋಗುವವರು ಸಿಯಾಲ್ದಾದಿಂದ ಬಜ್ ಬಜ್‌ಗೆ ಲೋಕಲ್ ರೈಲು ಹಿಡಿಯಿರಿ, ಅಲ್ಲಿಂದ ಆಟೋ. ಹೊಸ ವರ್ಷದ ಆಸುಪಾಸಿನ ಭಾನುವಾರಗಳಲ್ಲೇ ಹೋಗಿ. ಆಗ ಮನೆಮಂದಿಯೆಲ್ಲ ಬಂದಿರುತ್ತಾರೆ, ಕೇಳಿದರೆ ಖುಷಿಯಿಂದ ಮಾತಾಡುತ್ತಾರೆ.