ಕೋಟೆಯ ಒಳಗಾ, ಹೊರಗಾ

ದಸರಾ ಮುಗಿದ ಮೇಲಿನ ಮೊದಲ ಭಾನುವಾರ. ಊಟ ಮಾಡಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ನಾನು, ನಮ್ಮನೆಯವರು, ಅಮ್ಮ, ಮಗಳು. ಡಿಸೆಂಬರ್ ರಜೆಗೆ ರಾಜಸ್ಥಾನದ ಜೈಸಲ್ಮೇರ್ ಅಂತ ಒಂದು ವರ್ಷದಿಂದ ಬರೀ ಮಾತಾಗಿತ್ತು. ರೈಲು ಟಿಕೆಟ್ ಈಗ 60 ದಿನ ಮೊದಲಷ್ಟೇ ಸಿಗುವುದು, ಹಾಗಾಗಿ ಅವತ್ತು ಎಲ್ಲ ಪಕ್ಕಾ ಆಗಲೇಬೇಕಿತ್ತು.

ಈ ಊರಿನ ಆಸೆ ನನಗೆ ಯಾಕೆ ಹತ್ತಿತು ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಚಿತ್ರದುರ್ಗದವಳು. ಚಿಕ್ಕವಳಿದ್ದಾಗ ಅಪ್ಪ ಎಷ್ಟೋ ಭಾನುವಾರ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದರು. ಟಂಕಸಾಲೆ ತೋರಿಸುವರು, ಅಕ್ಕ ತಂಗಿ ಹೊಂಡದ ಹತ್ತಿರ ಕೂರಿಸುವರು, ಇಲ್ಲೆಲ್ಲ ಮನೆಗಳಿದ್ವು ಮಗಾ, ಒಲೆ ಉರೀತಿತ್ತು, ಮಕ್ಕಳು ಓಡಾಡ್ತಿದ್ವು ಅನ್ನುವರು. ನಾನು ಕಣ್ಣು ಮುಚ್ಚಿಕೊಂಡು ಆ ಮನೆಗಳನ್ನು ನೋಡೋಕೆ ಪ್ರಯತ್ನ ಮಾಡುತ್ತಿದ್ದೆ. ಮುಂದೆ ಯಾವಾಗಲೋ ಜೈಸಲ್ಮೇರಿನ ಕೋಟೆಯೊಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ ಅಂತ ಗೊತ್ತಾಯಿತು. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ. ಅದರೊಳಗೆ ಇಂದೂ ಬಟ್ಟೆ ಒಣಗುತ್ತೆ, ಹಾಲು ಕಾಯುತ್ತೆ, ಮಕ್ಕಳು ಸ್ಕೂಲಿಗೆ ಹೋಗುತ್ತವೆ. ಅಲ್ಲಿ ಒಂದು ರಾತ್ರಿಯಾದರೂ ಮಲಗಬೇಕು ಅನಿಸಿಬಿಟ್ಟಿತು. ಅಪ್ಪ ಈಗಿಲ್ಲ. ಇದ್ದಿದ್ದರೆ ಅವರೇ ಮೊದಲು ಹೊರಡುತ್ತಿದ್ದರು.

ಹಾಗಾಗಿ ಯಾರನ್ನೂ ಕೇಳದೆ ವಾರದ ಮೊದಲೇ ಕೋಟೆಯೊಳಗಿನ ಒಂದು ಹಳೇ ಮನೆಯಲ್ಲಿ ಮೂರು ರಾತ್ರಿಗೆ ರೂಮು ಹಿಡಿದಿದ್ದೆ. ಹಳದಿ ಕಲ್ಲಿನ ಕೆತ್ತನೆಯ ಕಿಟಕಿ, ಅದರೊಳಗೆ ಕೂರೋಕೆ ಒಂದು ಸಣ್ಣ ಜಗುಲಿ. ಆ ಫೋಟೋವನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದೆ.

ದಾರಿ ವಿಷಯ ಬೇಗ ಮುಗಿಯಿತು. ಹುಬ್ಬಳ್ಳಿ, ಪುಣೆ ಮೇಲೆ ಜೋಧಪುರಕ್ಕೆ ರೈಲು ಇದೆ. ಅಲ್ಲಿ ಒಂದು ದಿನ ಇದ್ದು, ಮತ್ತೆ ಐದಾರು ಗಂಟೆ ರೈಲು. ಮಗಳಿಗೆ ಒಂಟೆ ಬೇಕು, ಮರಳು ಬೇಕು. ಸಮ್ ಮರಳುದಿಬ್ಬ ಊರಿಂದ ಸುಮಾರು 40 ಕಿಲೋಮೀಟರ್, ಅಲ್ಲಿ ಜನ ಜಾಸ್ತಿ, ಮೈಕು ಜಾಸ್ತಿ. ಖುಡಿ ಕಡೆ ಸ್ವಲ್ಪ ಶಾಂತವಂತೆ, ಅಲ್ಲಿಗೇ ಹೋಗೋಣ ಅಂದೆವು.

ಸಂಜೆ ಹೊತ್ತಿಗೆ ಅಮ್ಮ ನಮ್ಮ ಬೀದಿಯ ಪಾತ್ರೆ ಅಂಗಡಿ ಸೇಟುಗಳನ್ನು ಕೇಳಿಕೊಂಡು ಬರೋಣ ಬಾ ಅಂದರು. ಅವರದು ಬಾಡಮೇರ್ ಕಡೆ. ಮೂವತ್ತು ವರ್ಷದಿಂದ ದುರ್ಗದಲ್ಲೇ ಇದ್ದಾರೆ, ನಮಗಿಂತ ಚೆನ್ನಾಗಿ ದುರ್ಗದ ಕನ್ನಡ ಮಾತಾಡುತ್ತಾರೆ. ಜೈಸಲ್ಮೇರ್ ಅಂದ ಕೂಡಲೇ ಅವರ ಮುಖ ಅರಳಿತು. ಸ್ವೆಟರ್ ಮರೀಬೇಡಿ ಅಮ್ಮಾರೆ, ಹಗಲು ಬಿಸಿಲು, ರಾತ್ರಿ ಕೈ ಸೆಟೆದು ಹೋಗ್ತದೆ ಅಂದರು. ಅಮ್ಮನ ಮಂಡಿ ನೋವಿನ ವಿಷಯ ಹೇಳಿದಾಗ ಬೆರಳು ಮಡಚಿ ಎಣಿಸಿದರು. ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ನಾಕು ಬಾಗಿಲು, ಒಂದೊಂದರ ಹತ್ರ ಕೂತು ಸುಧಾರಿಸ್ಕೊಂಡು ಹತ್ತಿ, ಹವಾ ಪೋಲಲ್ಲಿ ಗಾಳಿ ಚೆನ್ನಾಗಿ ಬರ್ತದೆ. ಒಳಗಿನ ಜೈನ ಬಸದಿಗಳಿಗೆ ಬೆಳಿಗ್ಗೆಯೇ ಹೋಗಬೇಕು ಅಂತಲೂ ಹೇಳಿದರು.

ಆಮೇಲೆ ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಏನೋ ತಂದರು. ಒಣಗಿದ, ಕಂದುಬಣ್ಣದ, ಸಣ್ಣ ಹುರಿಯ ಹಾಗೆ ಸುರುಳಿಕೊಂಡ ಕಾಯಿ. ಮೂಸಿದರೆ ಹೊಗೆಯಂಥ ವಾಸನೆ. ಸಾಂಗ್ರಿ ಅಂದರು, ಖೇಜಡಿ ಮರದ ಕಾಯಿ, ನಿಮ್ಮ ಬನ್ನಿ ಮರ ಅಲ್ವಾ ಅದೇ. ಅಮ್ಮ ತಟ್ಟೆ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟರು. ನಮ್ಮ ದೇವರ ಮನೆಯಲ್ಲಿ ವಿಜಯದಶಮಿಯ ಬನ್ನಿ ಎಲೆ ಇನ್ನೂ ಇತ್ತು. ನಾವು ಬಂಗಾರ ಅಂತ ಹಂಚಿ ಕೈ ಮುಗಿಯುವ ಮರದ ಕಾಯನ್ನು ಆ ಜನ ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡಿಕೊಳ್ಳುತ್ತಾರೆ. ತರಕಾರಿ ಬೆಳೆಯದ ಕಡೆ ಅದೇ ತರಕಾರಿ. ಜೊತೆಗೆ ಸಜ್ಜೆ ರೊಟ್ಟಿ. ಅಯ್ಯೋ, ನಮ್ಮೂಟವೇ ಕಣೇ ಅಂದರು ಅಮ್ಮ.

ಹೊರಡುವಾಗ ಸೇಟು ಕೇಳಿದರು, ಎಲ್ಲಿ ಇಳ್ಕೊತೀರಿ? ಕೋಟೆಯೊಳಗೆ ಅಂದೆ. ಅವರು ಒಂದು ಕ್ಷಣ ಸುಮ್ಮನಾದರು. ಒಳಗೆ ಬ್ಯಾಡ ಅಮ್ಮಾರೆ, ನೀರಿಂದ ಕೋಟೆ ಹಾಳಾಗ್ತಾ ಐತೆ.

ಮನೆಗೆ ಬಂದು ಓದುತ್ತಾ ಕೂತೆ. ನಮ್ಮ ದುರ್ಗದ ಕೋಟೆ ಗಟ್ಟಿ ಬಂಡೆಯ ಮೇಲೆ ಕೂತಿದೆ. ಬಿದ್ದ ಮಳೆ ಹೊಂಡದಿಂದ ಹೊಂಡಕ್ಕೆ ಇಳಿಯುತ್ತೆ, ಬಂಡೆಗೆ ಏನೂ ಆಗುವುದಿಲ್ಲ. ಅಲ್ಲಿ ಹಾಗಲ್ಲ. ಜೈಸಲ್ಮೇರ್ ಕೋಟೆ ಕೂತಿರುವ ತ್ರಿಕೂಟ ಬೆಟ್ಟ ಮರಳುಗಲ್ಲು, ಕೆಳಗೆ ಜೇಡಿಯಂಥ ಮೆತ್ತನೆಯ ಪದರ. ನೆನೆದರೆ ಜಾರುತ್ತೆ. ಹಿಂದಿನವರಿಗೆ ಇದು ಗೊತ್ತಿತ್ತು. ಅಪರೂಪದ ಮಳೆ ನೀರೂ ಒಳಗೆ ನಿಲ್ಲದೆ ಹೊರಗೆ ಹರಿಯಲಿ ಅಂತ ಘುಟ್ ನಾಲಿ ಅನ್ನುವ ಕಾಲುವೆಗಳನ್ನು ಮಾಡಿದ್ದರು. ಕುಡಿಯುವ ನೀರು ಕೆಳಗಿನ ಗಡಿಸರ್ ಕೆರೆಯಿಂದ ಹೆಂಗಸರ ತಲೆ ಮೇಲೆ ಬರಬೇಕು, ಹಾಗಾಗಿ ಯಾರೂ ಒಂದು ತಂಬಿಗೆ ಜಾಸ್ತಿ ಚೆಲ್ಲುತ್ತಿರಲಿಲ್ಲ. ಆಮೇಲೆ ನಲ್ಲಿ ಬಂತು, ಪ್ರವಾಸಿಗರು ಬಂದರು, ಮನೆ ಮನೆಯೂ ಲಾಡ್ಜ್ ಆಯಿತು, ಬಚ್ಚಲಿನ ನೀರೆಲ್ಲ ಬೆಟ್ಟದ ಹೊಟ್ಟೆಗೆ ಇಳಿಯಿತು. ಗೋಡೆಯ ಕೆಲವು ಕಡೆ ಕುಸಿದೂ ಇದೆ. 1996ರಲ್ಲೇ ಅಪಾಯದಲ್ಲಿರುವ ಸ್ಮಾರಕಗಳ ಅಂತರರಾಷ್ಟ್ರೀಯ ಪಟ್ಟಿಗೆ ಇದು ಸೇರಿತ್ತು. 2013ರಲ್ಲಿ ರಾಜಸ್ಥಾನದ ಇನ್ನೈದು ಕೋಟೆಗಳ ಜೊತೆ ವಿಶ್ವ ಪರಂಪರೆಯ ತಾಣ ಆಯಿತು. ದುರಸ್ತಿ ನಡೆದಿದೆ, ಚರಂಡಿ ಸರಿ ಮಾಡಿದ್ದಾರೆ, ಆದರೆ ಬಳಸುವ ನೀರು ಬಳಸುವುದೇ ಅಲ್ವಾ.

ನಾವು ನಾಲ್ಕು ಜನ ಉಳಿದರೆ ಏನಾಗುತ್ತೆ ಬಿಡು ಅಂದರು ನಮ್ಮನೆಯವರು. ನನಗೂ ಹಾಗೇ ಅಂದುಕೊಳ್ಳೋಕೆ ಮನಸ್ಸಿತ್ತು. ಲೆಕ್ಕ ಹಾಕಿದೆ. ಒಬ್ಬೊಬ್ಬರಿಗೆ ದಿನಕ್ಕೆ ಸ್ನಾನ, ಶೌಚ, ಬಟ್ಟೆ ಸೇರಿ ಐದು ಬಕೆಟ್ ಅಂದರೂ ಮೂರು ದಿನಕ್ಕೆ ಅರವತ್ತು ಬಕೆಟ್. ಅರವತ್ತು ಬಕೆಟ್ ನೀರನ್ನು ಅಪ್ಪನ ಕನಸಿನಂಥ ಊರಿನ ಬುಡಕ್ಕೆ ನಾನೇ ಸುರಿದು ಬಂದ ಹಾಗೆ. ಅಲ್ಲೇ ಹುಟ್ಟಿ ಬೆಳೆದವರು ಇರಲಿ, ಅದು ಅವರ ಮನೆ. ನನಗೆ ಆ ಹಕ್ಕಿಲ್ಲ ಅನಿಸಿತು.

ರಾತ್ರಿಯೇ ಬುಕಿಂಗ್ ರದ್ದು ಮಾಡಿದೆ. ಒಂದು ರಾತ್ರಿಯ ದುಡ್ಡು ಹೋಯಿತು. ಆ ಕಿಟಕಿಯ ಫೋಟೋ ಅಳಿಸುವಾಗ ನಿಜವಾಗಲೂ ಹೊಟ್ಟೆ ಉರಿಯಿತು. ಆಮೇಲೆ ಕೋಟೆಯ ಹೊರಗೆ, ಊರೊಳಗಿನ ಒಂದು ಸಣ್ಣ ಲಾಡ್ಜಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗ, ಮಾಳಿಗೆ ಮೇಲೆ ಕೂತರೆ ಸಂಜೆ ಪೂರ್ತಿ ಕೋಟೆ ಕಾಣಿಸುತ್ತೆ, ಬಿಸಿಲು ಇಳಿಯುವಾಗ ಬಂಗಾರದ ಹಾಗಿರುತ್ತೆ ಅಂದ. ಒಳಗಿದ್ದವರಿಗೆ ಅದು ಕಾಣಿಸುವುದೇ ಇಲ್ಲ ಅಲ್ವಾ ಅನ್ನುವುದು ಆಗ ಹೊಳೆಯಿತು.

ಇನ್ನೊಂದು ಜಾಗವೂ ಪಟ್ಟಿಗೆ ಸೇರಿತು. ಮಗಳು ದೆವ್ವದ ಊರು ಅಂತ ಅಲ್ಲಿನ ಪಾಳುಬಿದ್ದ ಹಳ್ಳಿ ಕುಲಧರಾಕ್ಕೆ ಹೋಗೋಣ ಅಂದಿದ್ದಳು, ನಾನು ಬೇಡ ಅಂದಿದ್ದೆ. ಅಲ್ಲಿ ಹಿಂದೆ ಇದ್ದ ಪಾಲಿವಾಲ ಬ್ರಾಹ್ಮಣರ ಖಡೀನ್ ಅನ್ನುವ ಬೇಸಾಯದ ಬಗ್ಗೆ ಓದಿದ ಮೇಲೆ ನಾನೇ ಹೋಗೋಣ ಅಂದೆ. ಇಳಿಜಾರಿಗೆ ಅಡ್ಡ ಒಡ್ಡು ಹಾಕಿ ಮಳೆ ನೀರು ನಿಲ್ಲಿಸಿ, ಅದು ಇಂಗಿದ ಮೇಲೆ ಆ ಹಸಿ ಮಣ್ಣಲ್ಲೇ ಗೋಧಿ, ಕಡಲೆ ಬೆಳೆಯುತ್ತಿದ್ದರಂತೆ, ಮರುಭೂಮಿಯಲ್ಲಿ.

ಅಮ್ಮ ಸಾಂಗ್ರಿಯನ್ನು ರಾತ್ರಿ ನೆನೆಹಾಕಿದ್ದರು. ಬೆಳಿಗ್ಗೆ ನೋಡಿದರೆ ಕಾಯಿ ಉಬ್ಬಿ ಹಸಿರು ತಿರುಗಿತ್ತು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿ ಪಲ್ಯ ಮಾಡಿದರು. ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಸೇಟುಗಳ ಮನೆಗೂ ಹೋಯಿತು.