ಕೊಟ್ಟಿದ್ದೂ ತಪ್ಪು, ಕೊಡದೇ ಕಳಿಸಿದ್ದೂ ತಪ್ಪು

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿಯ ಕೌಂಟರಿನ ಹಿಂದೆ ನಿಂತು ನನಗೆ 11 ವರ್ಷವಾಯಿತು. ಸಾವಿರಾರು ಥರದ ಗುಳಿಗೆ ಕೊಟ್ಟಿದ್ದೇನೆ. ಆದರೆ ನನಗೆ ಕೆಲಸ ಕಲಿಸಿದ್ದು ಮಾತ್ರ ಒಂದೇ ಗುಳಿಗೆ. ಪ್ರೆಡ್ನಿಸೊಲೋನ್. ಚೀಟಿಯಲ್ಲಿ ವೈಸೊಲೋನ್ ಅಂತಲೋ ಓಮ್ನಾಕಾರ್ಟಿಲ್ ಅಂತಲೋ ಬರೆದಿರುತ್ತಾರೆ. ಜನ ಅದನ್ನು 'ಬಾವಿನ ಗುಳಿಗಿ', 'ದಮ್ಮಿನ ಗುಳಿಗಿ' ಅಂತೆಲ್ಲ ಕರೆಯುತ್ತಾರೆ. ಇದು ಬಾವು ಇಳಿಸುವ ಸ್ಟಿರಾಯ್ಡ್. ಆ ಹೆಸರು ಹೇಳಿದರೆ ಮಾತ್ರ ಹೆದರುತ್ತಾರೆ.

ಮೊದಲು ಕೊಟ್ಟ ತಪ್ಪು ಹೇಳುತ್ತೇನೆ.

ಜೇವರ್ಗಿ ಕಡೆಯ ಹಳ್ಳಿಯಿಂದ ಒಬ್ಬ ಅವ್ವ ಬರುತ್ತಿದ್ದರು. ಐವತ್ತು ದಾಟಿದವರು. ಕೀಲುವಾತ, ಬೆರಳೆಲ್ಲ ಸೊಟ್ಟ. ಚೀಟಿಯಲ್ಲಿ 20 ಮಿ.ಗ್ರಾಂ, ದಿನಕ್ಕೊಂದು, 15 ದಿನ ಅಂತ ಇತ್ತು. ಅದರ ಕೆಳಗೆ ಮತ್ತೆ ಬಂದು ತೋರಿಸಿ ಅಂತ ಬರೆದಿದ್ದ ಸಾಲು ಮಡಿಕೆಯಲ್ಲಿ ಹರಿದುಹೋಗಿತ್ತು. ಅವರಿಗೆ ಆ ಸಾಲು ಬೇಕಾಗಿಯೂ ಇರಲಿಲ್ಲ.

"ತಮ್ಮಾ, ಈ ಗುಳಿಗಿ ತೊಗೊಂಡ ಮ್ಯಾಗ ಮತ್ತ ರೊಟ್ಟಿ ಬಡೀಲಾಕ ಬರ್ತದ ನೋಡು."

ನಮ್ಮ ಕಡೆ ರೊಟ್ಟಿ ಬಡಿಯುವ ಕೈ ನಿಂತರೆ ಮನೆಯೇ ನಿಂತ ಹಾಗೆ. ಆ ಖುಷಿ ನೋಡಿ ನಾನೂ ಅದೇ ಹಳೇ ಚೀಟಿಗೆ ತಿಂಗಳು ತಿಂಗಳು ಕೊಡುತ್ತಾ ಹೋದೆ. ಒಮ್ಮೆ ಅವರ ಮುಖ ದುಂಡಗಾದದ್ದು ಕಂಡು, "ಆರಾಮಾಗೀರಿ ಅವ್ವಾ, ಮೈ ಹಿಡದದ" ಅಂತ ಹೊಗಳಿದ್ದೆ ಕೂಡ. ಔಷಧಿ ಓದಿದವನು ನಾನು! ಅದು ಮೈ ಹಿಡಿದದ್ದಲ್ಲ, ಸ್ಟಿರಾಯ್ಡಿನಿಂದ ಮುಖ ತುಂಬಿಕೊಂಡದ್ದು ಅಂತ ಹೊಳೆಯಲೇ ಇಲ್ಲ. ಏಳನೇ ತಿಂಗಳು ಅವರು ಇನ್ನೊಂದು ಚೀಟಿ ತಂದರು. ಮೆಟ್‌ಫಾರ್ಮಿನ್. "ಸಕ್ರಿ ಬ್ಯಾನಿ ಬಂದದಂತ ತಮ್ಮಾ." ಆಗ ಹಿಂದಿನ ಬಿಲ್ಲು ತೆಗೆದು ಎಣಿಸಿದೆ. 15 ದಿನಕ್ಕೆ ಬರೆದದ್ದನ್ನು ನಾನು 7 ತಿಂಗಳು ಕೊಟ್ಟಿದ್ದೆ.

ಈ ಗುಳಿಗೆ ತೋರಿಸುವ ಆಸೆ ಹೊಸದೇನಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರು ಕೀಲುವಾತದ ಒಬ್ಬ ಹೆಣ್ಣುಮಗಳಿಗೆ ಮೊದಲ ಸಲ ಇದೇ ಜಾತಿಯ ಸ್ಟಿರಾಯ್ಡ್ ಆದ ಕಾರ್ಟಿಸೋನ್ ಕೊಟ್ಟರು. ನಡೆಯಲು ಒದ್ದಾಡುತ್ತಿದ್ದವರು ಕೆಲವೇ ದಿನದಲ್ಲಿ ಸಲೀಸಾಗಿ ಓಡಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಅಷ್ಟರೊಳಗೆ ದುಂಡು ಮುಖ, ಮನಸ್ಸಿನ ಏರುಪೇರು ಎಲ್ಲ ಡಾಕ್ಟರುಗಳ ಕಣ್ಣಿಗೆ ಬೀಳತೊಡಗಿತ್ತು. ಅವರೇ ಮೊದಲು ಬೆರಗಾದ ಮೇಲೆ ಜೇವರ್ಗಿ ಅವ್ವನದೇನು ತಪ್ಪು, ಅಲ್ವಾ?

ನನಗೆ ಹೆದರಿಕೆ ಹತ್ತಿತು. ಮರುದಿನವೇ ಬೋರ್ಡು ಅಂಟಿಸಿದೆ: ಹೊಸ ಚೀಟಿ ಇಲ್ಲದೆ ಸ್ಟಿರಾಯ್ಡ್ ಕೊಡುವುದಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ, ಇದು ಶೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಿ. ಈಗ ನಾನು ಸರಿಯಾದೆ ಅಂದುಕೊಂಡೆ.

ಎರಡನೇ ತಪ್ಪು ನಡೆದದ್ದು ಆ ಬೋರ್ಡಿನ ಕೆಳಗೇ.

ಮೇ ತಿಂಗಳ ಒಂದು ಶನಿವಾರ, ಸಂಜೆಯಾದರೂ ರಸ್ತೆ ಕಾವು ಬಿಟ್ಟಿರಲಿಲ್ಲ. ಆಟೋ ಓಡಿಸುವ ಒಬ್ಬ ಅಣ್ಣ ಬಂದ. ಅವನಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತಭೇದಿ ಆಗುವ ಕಾಯಿಲೆ. ಹೈದರಾಬಾದಿನಲ್ಲಿ ತೋರಿಸುತ್ತಿದ್ದ. 40 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕೆ 5ರಂತೆ ಇಳಿಸುತ್ತಾ 10ಕ್ಕೆ ಬಂದಿದ್ದ. ಫೈಲು ತಮ್ಮನ ಹತ್ತಿರ ಇತ್ತು, ತಮ್ಮ ಊರಲ್ಲಿರಲಿಲ್ಲ.

"ದಿನಕ್ಕ ಎರಡೇ ಗುಳಿಗಿ ಅಣ್ಣಾ, ಐದರವು. ಒಂದು ವಾರದ್ದು ಕೊಡ್ರಿ."

ನಾನು ಮಾತಾಡಲಿಲ್ಲ. ಬೋರ್ಡಿನ ಕಡೆ ಬೆರಳು ತೋರಿಸಿದೆ. ಅವನು ಇನ್ನೂ ಎರಡು ಅಂಗಡಿ ಕೇಳಿ, ಇನ್ನೇನು 10ಕ್ಕೆ ಬಂದದ, ಬಿಟ್ಟರೂ ನಡೀತದ ಅಂತ ಮನೆಗೆ ಹೋದನಂತೆ. ಸೋಮವಾರ ತಲೆ ಸುತ್ತು. ಬಿಸಿಲಿಗೆ ಅಂದುಕೊಂಡರು. ಮಂಗಳವಾರ ವಾಂತಿ, ಕಾಲಲ್ಲಿ ಬಲ ಇಲ್ಲ. ಅದಕ್ಕೂ ಬಿಸಿಲನ್ನೇ ಬೈದರು. ಬುಧವಾರ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದ. ದವಾಖಾನೆಗೆ ಒಯ್ದಾಗ ಬಿಪಿ ತಳ ಹಿಡಿದಿತ್ತು. ಹೆಂಡತಿ ಸೆರಗಿನಲ್ಲಿ ಖಾಲಿ ಸ್ಟ್ರಿಪ್ ಕಟ್ಟಿಕೊಂಡು ಹೋಗಿದ್ದಳು. ಅದನ್ನು ನೋಡಿದ ತಕ್ಷಣ ಡ್ಯೂಟಿ ಡಾಕ್ಟರಿಗೆ ಗೊತ್ತಾಯಿತು. ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಸಲೈನ್. ಉಳಿದ.

ಆ ತಂಗಿ ವಾರದ ಮೇಲೆ ಅಂಗಡಿಗೆ ಬಂದಳು. ಜಗಳ ಮಾಡುತ್ತಾಳೆ ಅಂತ ನಾನು ಸಜ್ಜಾಗಿದ್ದೆ. ಅವಳು ಮೆಲ್ಲಗೆ ಕೇಳಿದಳು: "ಅಣ್ಣಾ, ಕೊಡಲ್ಲ ಅಂದ್ರಿ, ಖರೆ. ಬಿಟ್ರ ಹಿಂಗಾಗ್ತದ ಅಂತ ಒಂದು ಮಾತು ಹೇಳಬೇಕಿತ್ತಲ್ರಿ?"

ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಈಗ ಆ ಒಂದು ಮಾತನ್ನು ಕೌಂಟರಿನಲ್ಲಿ ದಿನವೂ ಹೇಳುತ್ತೇನೆ. ಕಿಡ್ನಿಗಳ ಮೇಲೆ ಟೊಪ್ಪಿಗೆಯಂತೆ ಅಡ್ರಿನಲ್ ಅನ್ನುವ ಎರಡು ಪುಟ್ಟ ಗ್ರಂಥಿಗಳಿವೆ. ಅವು ದಿನವೂ ಕಾರ್ಟಿಸಾಲ್ ತಯಾರಿಸುತ್ತವೆ. ಬಿಪಿ ಬೀಳದೆ ನಿಲ್ಲಲು, ಜ್ವರ ಬಂದರೆ ತಡೆದುಕೊಳ್ಳಲು ಅದು ಬೇಕೇ ಬೇಕು. ಮೂರ್ನಾಲ್ಕು ವಾರಕ್ಕಿಂತ ಜಾಸ್ತಿ ಹೊರಗಿನಿಂದ ಸ್ಟಿರಾಯ್ಡ್ ಬಂದರೆ ಈ ಗ್ರಂಥಿಗಳು ಕೆಲಸ ಕಡಿಮೆ ಮಾಡುತ್ತವೆ. "ಮನಿ ಮುಂದ ನಳ ಬಂದ ಮ್ಯಾಗ ಬಾವಿ ಸೇದೋದು ಬಿಟ್ಟೀರಿ. ಬಾವ್ಯಾಗ ಹೂಳು ತುಂಬದ. ಈಗ ಒಮ್ಮಿಗೇ ನಳ ಬಂದ್ ಮಾಡಿದ್ರ?" ಅಂತ ಕೇಳುತ್ತೇನೆ. ಹಳ್ಳಿಯವರಿಗೆ ಇದು ತಟ್ಟನೆ ತಿಳಿಯುತ್ತದೆ. ಹೂಳು ತೆಗೆಯಲು ಹೊತ್ತು ಬೇಕು. ಕೆಲವರಿಗೆ ತಿಂಗಳುಗಟ್ಟಲೆ.

ದೇಹ ತಾನೇ ಮಾಡಿಕೊಳ್ಳುವುದು ಸುಮಾರು 5 ಮಿ.ಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಹಾಗಾಗಿ 40ರಿಂದ 20ಕ್ಕೆ ಬರುವುದಕ್ಕಿಂತ 10ರಿಂದ ಸೊನ್ನೆಗೆ ಬರುವುದೇ ನಾಜೂಕಿನ ಕೆಲಸ. ಅಲ್ಲಿ ಡಾಕ್ಟರುಗಳು ಎರಡೂವರೆ, ಒಂದು ಮಿ.ಗ್ರಾಂ ಲೆಕ್ಕದಲ್ಲಿ ಇಳಿಸುತ್ತಾರೆ. ಜನರ ಲೆಕ್ಕ ಪೂರಾ ಉಲ್ಟಾ. ಕಡಿಮೆ ಆಯಿತು, ಇನ್ನೇನು ಮುಗಿಯಿತು ಅನ್ನುತ್ತಾರೆ.

ಇಳಿಸುವಾಗಿನ ಸಂಕಟವನ್ನೂ ನಾನು ತಪ್ಪಾಗಿಯೇ ತಿಳಿದಿದ್ದೆ. ಡೋಸು ಇಳಿದ ವಾರ ಮೈಕೈ ಒಡೆಯುತ್ತದೆ, ಸುಸ್ತು, ಸುಮ್ನೆ ಅಳು ಬರುತ್ತದೆ. ಕೆಲವೊಮ್ಮೆ ಇದು ಸ್ಟಿರಾಯ್ಡ್ ಇಳಿದದ್ದರ ನೋವು, ಕೆಲವೊಮ್ಮೆ ಮೂಲ ಕಾಯಿಲೆಯೇ ತಿರುಗಿ ಬಂದದ್ದು. ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ಆದರೆ ಆ ಜನ ಮೊದಲು ಬರುವುದು ನಮ್ಮ ಹತ್ತಿರ, "ನೋವಿನ ಗುಳಿಗಿ ಕೊಡ್ರಿ" ಅಂತ. ಹಿಂದೆ ಡೈಕ್ಲೊಫಿನಾಕ್ ಹರಿದು ಕೊಟ್ಟುಬಿಡುತ್ತಿದ್ದೆ. ಸ್ಟಿರಾಯ್ಡ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಜಾಸ್ತಿ. ಈಗ ಯಾರೇ ನೋವಿನ ಗುಳಿಗೆ ಕೇಳಲಿ, ಬೇರೇನು ತೊಗೊಳ್ತೀರಿ ಅಂತ ಕೇಳದೆ ಕೈ ಹಾಕುವುದಿಲ್ಲ. ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಗೊಣಗಲಿ.

ಮಿಲಿಗ್ರಾಂ ಗೊಂದಲ ಇನ್ನೊಂದು. ಪ್ರೆಡ್ನಿಸೊಲೋನ್ 5, ಡೆಫ್ಲಾಜಾಕಾರ್ಟ್ 6, ಮೀಥೈಲ್ ಪ್ರೆಡ್ನಿಸೊಲೋನ್ 4, ಮೂರೂ ಸ್ಟಿರಾಯ್ಡುಗಳೇ, ಹೆಚ್ಚುಕಡಿಮೆ ಒಂದೇ ಬಲದವು. ಡಾಕ್ಟರು 20ರ ಪ್ರೆಡ್ನಿಸೊಲೋನ್ ಬಿಡಿಸಿ 16ರ ಮೀಥೈಲ್ ಪ್ರೆಡ್ನಿಸೊಲೋನ್ ಬರೆದರೆ, ಡೋಸು ಇಳಿಯಿತು ಅಂತ ಮನೆಯವರು ಪೇಡೆ ಹಂಚುತ್ತಾರೆ. ಇಳಿದಿರುವುದಿಲ್ಲ. ಅದಕ್ಕೇ ಡಾಕ್ಟರು ಒಪ್ಪಿದರೆ ನಾನು 5 ಮಿ.ಗ್ರಾಂ ಗುಳಿಗೆ ಮಾತ್ರ ಕೊಡುತ್ತೇನೆ. ಆಮೇಲೆ ಮನೆಯ ಗೋಡೆ ಕ್ಯಾಲೆಂಡರ್ ತರಲು ಹೇಳುತ್ತೇನೆ. ಅಮಾವಾಸ್ಯೆ, ಹುಣ್ಣಿಮೆ ನೋಡುವ ಅದೇ ಕ್ಯಾಲೆಂಡರ್. ಒಂದೊಂದು ದಿನದ ಚೌಕದಲ್ಲಿ ಎಷ್ಟು ಗುಳಿಗೆ ಅಂತ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಎಂಟು, ಏಳು, ಆರು. "ಎಂಟಾ?" ಅಂತ ಹೌಹಾರುವವರಿದ್ದಾರೆ, 40ರದು ಒಂದೇ ನುಂಗುವಾಗ ಹೆದರದವರು.

ಗುಳಿಗೆ ಬೆಳಿಗ್ಗೆ ತಿಂಡಿ ಆದ ಮೇಲೆ. ಡಾಕ್ಟರು ಬೇರೆ ಹೇಳಿದ್ದರೆ ಅದೇ ಸರಿ. ರಾತ್ರಿ ತೊಗೊಂಡರೆ ನಿದ್ದೆ ಹಾರಿಹೋಗುತ್ತದೆ, ಎರಡು ಗಂಟೆಗೆ ಎದ್ದು ರೊಟ್ಟಿ ಡಬ್ಬಿ ತಡಕುತ್ತಾರೆ. ಹೀಗೆ ಬೆಳಿಗ್ಗೆ ತೊಗೊಂಡವರ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಟೆಸ್ಟು ಮಾತ್ರ ಮಾಡಿಸಿ ನಿರಾಳವಾಗುವವರಿಗೆ ಇದನ್ನು ಹೇಳಲೇಬೇಕು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ ಅಂದರೆ ನಮ್ಮವರು ತಲೆ ಆಡಿಸುತ್ತಾರೆ, ಬಿಡುವುದಿಲ್ಲ. ನೆಲದಿಂದ ಏಳುವಾಗ ತೊಡೆಯಲ್ಲಿ ಬಲ ಇಲ್ಲ ಅಂತ ಯಾರಾದರೂ ಅಂದರೆ ಅದು ವಯಸ್ಸೇ ಆಗಿರಬೇಕಿಲ್ಲ, ಈ ಗುಳಿಗೆಯೂ ಇರಬಹುದು. ಮುಖದ ವಿಷಯ ಎಲ್ಲಕ್ಕಿಂತ ನೋಯಿಸುತ್ತದೆ. ಮದುವೆ ಸೀಸನ್ನಿನಲ್ಲಿ ಗುಳಿಗೆ ಬಿಡುವ ಹುಡುಗಿಯರು ಜಾಸ್ತಿ. ಡೋಸು ಇಳಿದಂತೆ ಮುಖ ಮೊದಲಿನ ಹಾಗೆ ಆಗುತ್ತದೆ, ಒಂದಷ್ಟು ತಿಂಗಳು ಬೇಕು ಅಂತ ಹೇಳುತ್ತೇನೆ. ಮೈ ಹಿಡದದ ಅಂತ ಯಾರಿಗೂ ಅನ್ನುವುದಿಲ್ಲ.

ಬೋರ್ಡು ಈಗಲೂ ಇದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಚೀಟಿ ಇಲ್ಲದಿದ್ದರೆ ಹೇಳಿ, ಡಾಕ್ಟರಿಗೆ ಫೋನ್ ಮಾಡೋಣ. ಫೋನ್ ಸಿಗದಿದ್ದರೆ ಅದೇ ರಾತ್ರಿ ದವಾಖಾನೆಯ ಕ್ಯಾಶುಯಲ್ಟಿಗೆ ಕಳಿಸುತ್ತೇನೆ, ಯಾವ ಗುಳಿಗೆ, ಎಷ್ಟು ದಿನದಿಂದ ಅಂತ ಒಂದು ಕಾಗದದಲ್ಲಿ ಬರೆದು ಕೈಗೆ ಕೊಟ್ಟು. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಇದೇ ದಾರಿ. ಅಲ್ಲಿ ಇಂಜೆಕ್ಷನ್ ಬೇಕಾಗುತ್ತದೆ, ನಾಳೆ ನೋಡೋಣ ಅನ್ನುವಂತಿಲ್ಲ. ಜೋರು ಜ್ವರ ಬಂದರೆ, ಆಪರೇಷನ್ ಇದ್ದರೆ ಡೋಸು ಕೆಲವು ದಿನ ಏರಿಸಬೇಕಾಗಬಹುದು. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಸ್ಟಿರಾಯ್ಡ್ ತೊಗೊಳ್ತೀನಿ ಅಂತ ಬಾಯಿಬಿಟ್ಟು ಹೇಳಬೇಕು.

ಜೇವರ್ಗಿ ಅವ್ವನನ್ನು ಸಕ್ಕರೆ ಕಾಯಿಲೆಯ ಚೀಟಿ ತಂದ ದಿನವೇ ಕೀಲಿನ ಡಾಕ್ಟರ ಹತ್ತಿರ ಕಳಿಸಿದ್ದೆ. ಅವರು ಬೇರೆ ಔಷಧಿ ಶುರುಮಾಡಿ ಇದನ್ನು ಮೆಲ್ಲಗೆ ಇಳಿಸತೊಡಗಿದರು. ವರ್ಷವಾಗುತ್ತ ಬಂತು. ನಡುವೆ ಒಮ್ಮೆ ನೋವು ಜೋರಾಗಿ ಮತ್ತೆ ಏರಿಸಬೇಕಾಯಿತು, "ಯಾಕರ ಇಳಿಸಿದ್ರಿ" ಅಂತ ನನ್ನ ಮೇಲೇ ಸಿಟ್ಟಾಗಿದ್ದರು. ಕಳೆದ ತಿಂಗಳು ಎರಡೂವರೆಗೆ ಬಂದಿದೆ. ಐದರ ಗುಳಿಗೆ ಅರ್ಧ ಮಾಡಬೇಕು, ಆ ಬೆರಳಿಗೆ ಆಗುವುದಿಲ್ಲ. ಗುಳಿಗೆ ಕತ್ತರಿಸುವ ಸಣ್ಣ ಡಬ್ಬಿ ತೋರಿಸಿದೆ. ಅತ್ತಿತ್ತ ತಿರುಗಿಸಿ ನೋಡಿದರು, ಬೆಲೆ ಕೇಳಿದರು, ವಾಪಸ್ ಕೌಂಟರಿನ ಮೇಲಿಟ್ಟರು.

"ಬ್ಯಾಡ ಬಿಡು ತಮ್ಮಾ. ರೊಟ್ಟಿ ಸೊಸಿ ಬಡೀತಾಳ, ಇದನ್ನೂ ಆಕಿನೇ ಮುರದ ಕೊಡ್ಲಿ."